ಬಿಜಾಪುರಕ್ಕೆ ಬಂದ ಹಾರ್ಲೆಮ್ಮಿನ ಚಿತ್ರಕಾರ

ಧಾರವಾಡದ ಕೆಲಗೇರಿ ಕೆರೆಯ ಏರಿ ಬಿಟ್ಟು ಮೂಡಣಕ್ಕೆ ಹೊರಟರೆ ಮಲೆನಾಡಿನ ಸೆರಗು ಹಿಂದೆಯೇ ಉಳಿಯುತ್ತದೆ. ನವಲಗುಂದ, ನರಗುಂದ ಬರುವಷ್ಟರಲ್ಲಿ ಕಣ್ಣು ಹರಿದಷ್ಟು ದೂರ ಎರೆ ಹೊಲ. ಕೊಲ್ಹಾರದಲ್ಲಿ ಕೃಷ್ಣೆಯ ಹಿನ್ನೀರಿನ ಮೇಲಿನ ಉದ್ದನೆಯ ಸೇತುವೆ ದಾಟಿದರೆ ವಿಜಯಪುರದ, ಅಂದರೆ ಹಳೆಯ ಬಿಜಾಪುರದ ಸೀಮೆ. ಇಂದು ಚೀನಾದ ಕಲೆಯೂ ಯುರೋಪಿನ ಕಲೆಯೂ ಒಂದೇ ಸೂರಿನಡಿ ಕೂಡಿದರೆ ಅದು ದೊಡ್ಡ ಸುದ್ದಿ. ನಮ್ಮ ಈ ಬಿಸಿಲು ನಾಡಿನಲ್ಲಿ ಅಂಥ ಕೂಟ 400 ವರ್ಷಗಳ ಹಿಂದೆಯೇ ನೆರೆದಿತ್ತು.

ಗೋಳಗುಮ್ಮಟಕ್ಕೆ ಬಂದವರು ಮೆಟ್ಟಿಲು ಹತ್ತಿ ಪಿಸುಗುಟ್ಟಿ ಪ್ರತಿಧ್ವನಿ ಕೇಳಿ ಇಳಿದುಬಿಡುತ್ತಾರೆ. ಎದುರಿಗಿರುವ ನಗಾರಖಾನೆಯ ವಸ್ತುಸಂಗ್ರಹಾಲಯಕ್ಕೆ ಕಾಲಿಡುವವರು ಕಡಿಮೆ. ಊರಿನ ಆಸಾರ್ ಮಹಲ್ ಎಂಬ ಅರಮನೆಯ ಹಳೆಯ ಗಾಲೀಚೆಗಳು ಇರುವುದು ಅಲ್ಲಿ, ಚೀನಾದ ಪಿಂಗಾಣಿ ಇರುವುದೂ ಅಲ್ಲಿಯೇ. ಚೀನಾದ ಯಾವುದೋ ಭಟ್ಟಿಯಲ್ಲಿ ಬೆಂದ ಮಣ್ಣು ಹಡಗೇರಿ, ಕೊಂಕಣದ ರೇವಿನಲ್ಲಿ ಇಳಿದು, ಎತ್ತಿನ ಬೆನ್ನ ಮೇಲೆ ಘಟ್ಟ ಹತ್ತಿ, ಒಡೆಯದೆ ಈ ಊರು ಮುಟ್ಟಿದ್ದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಗಾಜಿನ ಪೆಟ್ಟಿಗೆಯ ಮುಂದೆ ನನ್ನ ಕಾಲು ಕೀಳಲಿಲ್ಲ.

ಮಣ್ಣಿನ ಪಾತ್ರೆಗಳಷ್ಟೇ ಅಲ್ಲ, ಮನುಷ್ಯರೂ ಬಂದರು. ಹಾಲೆಂಡಿನ ಹಾರ್ಲೆಮ್ ಊರಿನ ಕಾರ್ನೆಲಿಸ್ ಕ್ಲಾಸ್ ಹೇಡಾ ಎಂಬ ಚಿತ್ರಕಾರ ಮೊದಲು ಪ್ರಾಗ್ ನಗರದಲ್ಲಿ ಚಕ್ರವರ್ತಿ ಎರಡನೆಯ ರುಡಾಲ್ಫನ ಬಳಿ ಇದ್ದವನು. ಪರ್ಷಿಯಾಕ್ಕೆಂದು ಹೊರಟು, ದಾರಿಯಲ್ಲಿ ಪೋರ್ಚುಗೀಸರ ಕೈಗೆ ಸಿಕ್ಕು ಗೋವೆಯಲ್ಲಿ ಸೆರೆಯಾದ. ಅಲ್ಲಿಂದ ಬಿಡಿಸಿಕೊಂಡು 1610ರ ಸುಮಾರಿಗೆ ಬಿಜಾಪುರ ಸೇರಿ, ಎರಡನೆಯ ಇಬ್ರಾಹಿಂ ಆದಿಲ್‌ಶಾಹಿಯ ಆಸ್ಥಾನ ಚಿತ್ರಕಾರನಾದ. ಸಾಯುವವರೆಗೂ ಇಲ್ಲಿಯೇ ಉಳಿದ.

ಅವನನ್ನು ಉಳಿಸಿಕೊಂಡ ದೊರೆ ಎಂಥವನು! 1580ರಿಂದ 1627ರವರೆಗೆ ಆಳಿದ ಇಬ್ರಾಹಿಂ 'ಕಿತಾಬ್-ಎ-ನೌರಸ್' ಎಂಬ ಹಾಡುಗಳ ಗ್ರಂಥ ಕಟ್ಟಿದವನು, ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿದವನು, ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟು ಮುದ್ದು ಮಾಡಿದವನು. ಪರ್ಷಿಯಾ ಮೂಲದ ಫರೂಖ್ ಬೇಗ್ ಬರೆದ, ಇಬ್ರಾಹಿಂ ತಂಬೂರಿ ನುಡಿಸುತ್ತಿರುವ ಚಿತ್ರ ಈಗ ಪ್ರಾಗ್ ನಗರದ ನಾಪ್ರ್ಸ್ಟೆಕ್ ವಸ್ತುಸಂಗ್ರಹಾಲಯದಲ್ಲಿದೆ. ಪ್ರಾಗಿನ ಚಿತ್ರಕಾರ ಬಿಜಾಪುರಕ್ಕೆ ಬಂದ, ಬಿಜಾಪುರದ ದೊರೆಯ ಚಿತ್ರ ಪ್ರಾಗಿಗೆ ಹೋಯಿತು! ಯಾರು ಯೋಜಿಸಿದ್ದರು ಇದನ್ನು?

ವಿಜಯಪುರದಿಂದ ಮೂಡಣಕ್ಕೆ 20 ಕಿಲೋಮೀಟರ್ ಒಳಗೇ ಕುಮಟಗಿ ಇದೆ. ಆದಿಲ್‌ಶಾಹಿಗಳ ಬೇಸಗೆಯ ಜಲಮಂದಿರ ಅದು. ಕೊಳದ ನಡುವೆ ಮಂಟಪ, ಗೋಡೆಯೊಳಗೆ ಹಾಯಿಸಿದ ಕೊಳವೆಗಳು, ಚಾವಣಿಯಿಂದ ಮಳೆಯಂತೆ ನೀರು ಸುರಿಸುತ್ತಿದ್ದ ಕಾರಂಜಿಗಳು. ದಡದ ಕಟ್ಟಡದ ಒಳಗೋಡೆಯಲ್ಲಿ ಬಣ್ಣದ ಚಿತ್ರಗಳಿದ್ದವು: ಕುಸ್ತಿಯ ಪೈಲ್ವಾನರು, ಕುದುರೆಯೇರಿ ಪೋಲೋ ಆಡುವವರು, ಯುರೋಪಿನ ಉಡುಪು ತೊಟ್ಟ ಪರದೇಶಿಗಳು. 1916ರಲ್ಲಿ ಹೊರಬಂದ ತನ್ನ ಬಿಜಾಪುರ ಗ್ರಂಥದಲ್ಲಿ ಹೆನ್ರಿ ಕಸಿನ್ಸ್ ಇವುಗಳನ್ನು ದಾಖಲಿಸಿದ್ದಾನೆ. ಈಗ ಕಣ್ಣು ಕಿರಿದು ಮಾಡಿ, ಬೆಳಕು ಓರೆಯಾಗಿ ಬೀಳುವ ಹೊತ್ತಿಗೆ ಕಾದು ನೋಡಬೇಕು. ಮೊದಲು ಬರೀ ಮಸುಕು, ಆಮೇಲೆ ಕುದುರೆಯ ಕತ್ತು, ಒಂದು ತೋಳು. ನನ್ನ ಪಕ್ಕದಲ್ಲಿದ್ದ ಕುರಿಕಾಯುವ ಹುಡುಗ ನನಗಿಂತ ಮುಂಚೆ ಕುದುರೆ ಗುರುತಿಸಿದ. ಆ ಖುಷಿಯನ್ನು ಏನೆಂದು ಹೇಳಲಿ!

ಹೇಡಾ ಬಿಜಾಪುರದಲ್ಲಿ ಬರೆದ ಚಿತ್ರಗಳಲ್ಲಿ ಇಂದು ಗುರುತಿಸಬಹುದಾದದ್ದು ಒಂದೂ ಉಳಿದಿಲ್ಲ. ಕುಮಟಗಿಯ ಗೋಡೆಗೂ ಆ ಗತಿ ಬರಬಾರದು. ಬಣ್ಣ ಹಿಡಿದು ನಿಲ್ಲಿಸಬಲ್ಲ ತಜ್ಞರು ನಮ್ಮಲ್ಲಿದ್ದಾರೆ, ಅವರನ್ನು ಕರೆಸುವ ಕೆಲಸ ಈಗಲೇ ಆಗಬೇಕು. ಧಾರವಾಡ, ಹುಬ್ಬಳ್ಳಿಯ ಕಲಾಶಾಲೆಗಳ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಉಳಿದಷ್ಟು ರೇಖೆಗಳನ್ನಾದರೂ ಬರೆಸಿರಿ. ವಿಜಯಪುರಕ್ಕೆ ಹೋಗುವ ನೀವೂ ಗುಮ್ಮಟ ಇಳಿದ ಮೇಲೆ ಕುಮಟಗಿಗೆ ಅರ್ಧ ದಿನ ತೆಗೆದಿಡಿ.