ಹಿಡಿಕೆಯೇ ಅಲಗನ್ನು ತಿಂದಾಗ

ನಿಮ್ಮ ಮನೆಯಲ್ಲಿಯೂ ಒಂದು ತಗಡಿನ ಪೆಟ್ಟಿಗೆ ಇರಬಹುದು. ಹಿರಿಯರ ಕನ್ನಡಕ, ನಿಂತುಹೋದ ಕೈಗಡಿಯಾರ, ಮಸುಕಾದ ಭಾವಚಿತ್ರ ಮುಂತಾದವುಗಳನ್ನು ಅದರಲ್ಲಿಟ್ಟು ಮುಚ್ಚಿ, ಅವು ಸುರಕ್ಷಿತವಾಗಿವೆ ಎಂಬ ಸಮಾಧಾನದಲ್ಲಿ ನಾವು ದಿನ ಕಳೆಯುತ್ತೇವೆ. ನಾನೂ ಹಾಗೆಯೇ ನಂಬಿದ್ದೆ. ಕಳೆದ ಬೇಸಿಗೆಯಲ್ಲಿ ಅಂತಹ ಪೆಟ್ಟಿಗೆಯೊಂದನ್ನು ತೆರೆದಾಗ ಕರ್ಪೂರದೊಡನೆ ಹುಳಿ ಬೆರೆತಂತಹ ವಾಸನೆ ಮೂಗಿಗೆ ಅಡರಿತು. ಒಳಗಿದ್ದುದು ನನ್ನ ಅಪ್ಪನ ಕ್ಷೌರದ ಕತ್ತಿ. ಆಮೆಯ ಚಿಪ್ಪಿನಂತೆ ಹೊಳೆಯುತ್ತಿದ್ದ ಅದರ ಹಿಡಿಕೆ ಬಿರುಕು ಬಿಟ್ಟು ಪುಡಿಯಾಗುತ್ತಿತ್ತು. ಕನ್ನಡಿಯಂತಿದ್ದ ಅಲಗು ಕೆಂಪು ತುಕ್ಕಿನಲ್ಲಿ ಮುಳುಗಿತ್ತು.

ಅಪ್ಪ ಕಮಲಾಪುರದ ಸಮೀಪದ ಹಳ್ಳಿಯೊಂದರಲ್ಲಿ ಶಾಲಾ ಶಿಕ್ಷಕರಾಗಿದ್ದರು. ತಿಂಗಳಿಗೊಮ್ಮೆ ಆಗಿನ ಗುಲ್ಬರ್ಗಕ್ಕೆ ಬಂದಾಗ, ಸ್ಟೇಶನ್ ಬಜಾರದ ಕ್ಷೌರದಂಗಡಿಯೊಂದರಲ್ಲಿ ಈ ಕತ್ತಿಯನ್ನು ಮಸೆಯಿಸಿಕೊಂಡು ಹೋಗುವುದು ಅವರ ವಾಡಿಕೆಯಾಗಿತ್ತು. ಅಲಗಿನ ಬುಡದಲ್ಲಿ ಜರ್ಮನಿಯ ಸೋಲಿಂಗೆನ್ ಪಟ್ಟಣದ ಹೆಸರಿತ್ತು. ಇಂಗ್ಲೆಂಡಿನ ಶೆಫೀಲ್ಡ್‌ನಂತೆ ಸೋಲಿಂಗೆನ್ ಕೂಡ ಶತಮಾನಗಳಿಂದ ಕತ್ತಿ, ಚಾಕುಗಳಿಗೆ ಹೆಸರಾದ ಊರು. ಮಕ್ಕಳಾದ ನಮಗೆ ಅದನ್ನು ಮುಟ್ಟುವ ಅಪ್ಪಣೆ ಇರಲಿಲ್ಲ.

ಕೊನೆಯ ಎರಡು ವರ್ಷ ಅಪ್ಪನಿಗೆ ಪಾರ್ಶ್ವವಾಯು ತಗಲಿತ್ತು. ಆಗ ಆ ಕತ್ತಿಯನ್ನು ಹಿಡಿದವನು ನನ್ನ ಅಣ್ಣ. ಎರಡು ದಿನಕ್ಕೊಮ್ಮೆ ಅಪ್ಪನನ್ನು ಕಟ್ಟೆಯ ಮೇಲೆ ಕೂರಿಸಿ, ಒಂದು ಕೈಯಿಂದ ಜೋತುಬಿದ್ದ ಕೆನ್ನೆಯನ್ನು ಮೇಲೆತ್ತಿ, ಇನ್ನೊಂದು ಕೈಯಿಂದ ಗಡ್ಡ ತೆಗೆಯುತ್ತಿದ್ದ. ನಾನು ಸೆಮಿನರಿಯಲ್ಲಿದ್ದೆ, ರಜೆಗೆ ಬಂದಾಗ ಅದನ್ನು ನೋಡಿದವನು ಮಾತ್ರ. ಆದರೂ 1999ರಲ್ಲಿ ಅಪ್ಪ ತೀರಿಕೊಂಡ ಮೇಲೆ, 'ಅಪ್ಪನ ನೆನಪಿಗೆ ಇದೊಂದು ನನಗಿರಲಿ' ಎಂದು ಆ ಕತ್ತಿಯನ್ನೇ ಕೇಳಿದೆ. ಹೊಲ, ಮನೆ ಏನನ್ನೂ ಬಯಸದ ಗುರುವಿನ ಮಾತನ್ನು ಯಾರು ತಾನೆ ಅಲ್ಲಗಳೆದಾರು? ಅಣ್ಣ ಮಾತಿಲ್ಲದೆ ಕೊಟ್ಟ. ಅವನ ಮುಖದಲ್ಲಿ ಕಂಡುದನ್ನು ನಾನು ಆಗಲೇ ಓದಿದ್ದೆ. ಆದರೆ ಓದಲಿಲ್ಲವೆಂದು ನಟಿಸಿದೆ.

ಆ ಕತ್ತಿಯನ್ನೆತ್ತಿಕೊಂಡು ಸ್ಟೇಶನ್ ಬಜಾರದ ಅದೇ ಅಂಗಡಿಗೆ ಹೋದೆ. ಹಿಂದಿನವರ ಮಗ ಈಗ ಅಲ್ಲಿನ ಹಿರಿಯ. ಗೋಡೆಯ ಮೇಲೆ ಹಡಪದ ಅಪ್ಪಣ್ಣನವರ ಚಿತ್ರವಿದೆ. ನಮ್ಮ ನೆರೆಯ ಕಲ್ಯಾಣದಲ್ಲಿ 12ನೆಯ ಶತಮಾನದಲ್ಲಿ ಬಸವಣ್ಣನವರಿಗೆ ಆಪ್ತರಾಗಿದ್ದ ಆ ಶರಣರನ್ನು ಈ ಕಾಯಕದ ಜನ ತಮ್ಮ ಹಿರಿಯರೆಂದು ಗೌರವಿಸುತ್ತಾರೆ. ಏಡ್ಸ್ ಕುರಿತ ಎಚ್ಚರ ಮೂಡಿದ ಮೇಲೆ ಇಂತಹ ಅಂಗಡಿಗಳಲ್ಲಿ ಮಸೆಯುವ ಕತ್ತಿ ಹಿಂದೆ ಸರಿದು, ಪ್ರತಿಯೊಬ್ಬ ಗಿರಾಕಿಗೂ ಹೊಸ ಅರ್ಧ ಬ್ಲೇಡು ಹಾಕುವ ಕತ್ತಿ ಬಂದಿದೆ. ಆದರೂ ಹಳೆಯ ಚರ್ಮದ ಪಟ್ಟೆ ಇನ್ನೂ ಕುರ್ಚಿಯ ಪಕ್ಕದಲ್ಲಿ ತೂಗುತ್ತಿತ್ತು.

ಅವರು ಕತ್ತಿಯನ್ನು ಮೂಗಿನ ಬಳಿ ಹಿಡಿದು ನೋಡಿದರು. 'ಫಾದರ್, ಅಲಗಿನ ತಪ್ಪಿಲ್ರಿ. ಹಿಡಿಕೀನೇ ಅಲಗನ್ನ ತಿಂದದ' ಎಂದರು.

ನನಗೆ ಆಶ್ಚರ್ಯವಾಯಿತು. ಮಡಚುವ ಕ್ಷೌರದ ಕತ್ತಿಗೆ ಹಿಡಿಕೆ ಇರುವುದೇ ಅಲಗನ್ನು ಕಾಯಲೆಂದು. ಹಿಂದೆ ಅದನ್ನು ಕೊಂಬಿನಿಂದಲೋ ದಂತದಿಂದಲೋ ಮಾಡುತ್ತಿದ್ದರು. 1870ರ ಸುಮಾರಿಗೆ ಅಮೆರಿಕದ ಜಾನ್ ವೆಸ್ಲಿ ಹಯಾಟ್ ಸೆಲ್ಯುಲಾಯ್ಡ್ ಎಂಬ ವಸ್ತುವನ್ನು ಮಾರುಕಟ್ಟೆಗೆ ತಂದರು. ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿದ ಹತ್ತಿಗೆ ಕರ್ಪೂರ ಬೆರೆಸಿ ತಯಾರಿಸಿದ ಅದು ದಂತವನ್ನೂ ಆಮೆಚಿಪ್ಪನ್ನೂ ಸೊಗಸಾಗಿ ಅನುಕರಿಸುತ್ತಿತ್ತು. ಆದರೆ ಕಾಲಾಂತರದಲ್ಲಿ, ವಿಶೇಷವಾಗಿ ಬಿಸಿಲಿನ ತಾಪಕ್ಕೆ, ಅದು ಒಡೆದು ಸಾರಜನಕದ ಅನಿಲಗಳನ್ನು ಹೊರಬಿಡುತ್ತದೆ. ಆ ಅನಿಲ ತೇವದೊಡನೆ ಸೇರಿದರೆ ಆಮ್ಲ. ಗಾಳಿ ಆಡುವಲ್ಲಿ ಅದು ಚದುರಿಹೋಗುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಮಡಚಿಟ್ಟರೆ ಉಕ್ಕಿನ ಮೇಲೆಯೇ ಕೂತು ತಿನ್ನತೊಡಗುತ್ತದೆ. ಕಲಬುರಗಿಯ ಬೇಸಿಗೆ 40 ಡಿಗ್ರಿಯನ್ನು ದಾಟುವುದು ನಿಮಗೆ ತಿಳಿದೇ ಇದೆ. ಇಪ್ಪತ್ತೈದು ಬೇಸಿಗೆಗಳನ್ನು ಆ ಕತ್ತಿ ತಗಡಿನ ಪೆಟ್ಟಿಗೆಯೊಳಗೆ ಕಳೆದಿತ್ತು. ಕೆಡಿಸಿದ್ದು ನನ್ನ ನಿರ್ಲಕ್ಷ್ಯವಲ್ಲ, ನನ್ನ ಜೋಪಾನ!

ದುರಸ್ತಿಯನ್ನು ನಾನೇ ಮಾಡುತ್ತೇನೆಂದೆ, ಅವರು ಕಲಿಸಿದರು. ಮೊದಲು ಹಿಡಿಕೆಯ ಹಿತ್ತಾಳೆ ಮೊಳೆಗಳ ತಲೆಯನ್ನು ಅರದಿಂದ ಸವೆಸಿ, ಮೊಳೆಗಳನ್ನು ಹೊರಗೆ ತಟ್ಟಿ, ಅಲಗನ್ನು ಬಿಡಿಸಿದೆವು. ಸೆಲ್ಯುಲಾಯ್ಡ್ ಬೆಂಕಿಗೆ ಬೇಗ ಹತ್ತಿಕೊಳ್ಳುವ ವಸ್ತು; ಆದ್ದರಿಂದ ಅದರ ಚೂರುಗಳನ್ನು ಒಲೆಯಿಂದ ದೂರವಿಟ್ಟೆವು. ಯಂತ್ರದ ಸಾಣೆಗೆ ಹಿಡಿದರೆ ಒಂದೇ ನಿಮಿಷದ ಕೆಲಸವಲ್ಲವೇ ಎಂದು ಕೇಳಿದೆ. ಅವರು ತಲೆಯಲ್ಲಾಡಿಸಿದರು. ತೆಳ್ಳಗಿನ ಅಲಗು ಕ್ಷಣದಲ್ಲಿ ಕಾದು ನೀಲಿಯಾಗುತ್ತದೆ. ಹಾಗಾದರೆ ಉಕ್ಕಿನ ಹದ ಹೋಯಿತೆಂದೇ ಅರ್ಥ. ಆದ್ದರಿಂದ ಎಣ್ಣೆ ಹಚ್ಚಿ, ವಾಟರ್ ಪೇಪರಿನಿಂದ, ಮೊದಲು ಒರಟಾದುದು, ಅನಂತರ ನಯವಾದುದು, ಹೀಗೆ ಹಲವು ಸಂಜೆ ಉಜ್ಜಿದೆ. 'ಜಂಗ್ ತೆಗೀರಿ, ಉಕ್ಕು ತೆಗೀಬ್ಯಾಡ್ರಿ' ಎಂಬುದು ಅವರ ಒಂದೇ ಎಚ್ಚರಿಕೆ. ಕಪ್ಪು ಕಲೆಗಳು ಉಳಿದರೂ ಚಿಂತೆಯಿಲ್ಲ. ಕಲೆಯೆಲ್ಲ ಹೋಗಲೇಬೇಕೆಂದು ಹಟ ಹಿಡಿದರೆ ಅಲಗೇ ಹೋಗುತ್ತದೆ.

ಹೊಸ ಹಿಡಿಕೆಗೆ ಬಡಗಿಯೊಬ್ಬರು ಸಾಗುವಾನಿಯ ಎರಡು ತೆಳು ಪಟ್ಟಿಗಳನ್ನು ಕೊಯ್ದುಕೊಟ್ಟರು. ಹಿಂಬದಿಯಲ್ಲಿ ಸಣ್ಣ ಬೆಣೆಯಿಟ್ಟು, ಮುಚ್ಚಿದಾಗ ಅಲಗು ಯಾವ ಪಟ್ಟಿಗೂ ತಾಗದೆ ನಡುವೆ ನಿಲ್ಲುವಂತೆ ಮೊಳೆ ಬಡಿದೆವು. ಆಮೇಲೆ ಮಸೆಗಲ್ಲು. ಬೆನ್ನನ್ನೂ ಬಾಯಿಯನ್ನೂ ಒಟ್ಟಿಗೆ ಕಲ್ಲಿಗೆ ಮಲಗಿಸಿ ಬಾಯಿ ಮುಂದಾಗಿ ನಡೆಸಬೇಕು. ಚರ್ಮದ ಪಟ್ಟೆಯ ಮೇಲಾದರೆ ಬೆನ್ನು ಮುಂದಾಗಬೇಕು, ಇಲ್ಲವಾದರೆ ಪಟ್ಟೆಯೇ ಕೊಯ್ದುಹೋಗುತ್ತದೆ.

ಕೊನೆಗೆ ಅವರು ಅಲಗನ್ನು ಬೆಳಕಿಗೆ ಹಿಡಿದು ತುದಿಯ ಬಳಿ ಬೆರಳಿಟ್ಟರು. ಅಲ್ಲಿ ತುಕ್ಕಿನ ಗುಳಿಯೊಂದು ಬಾಯಿಯವರೆಗೂ ಇಳಿದಿತ್ತು. ಅಷ್ಟು ಭಾಗ ಇನ್ನು ಎಂದಿಗೂ ಹರಿತವಾಗದು. ಮುಖಕ್ಕೆ ಅದನ್ನು ಹಿಡಿಯುವಂತಿಲ್ಲ. ಹೋದುದನ್ನು ಮರಳಿ ತರುವುದು ಯಾರ ಕೈಯಲ್ಲೂ ಇಲ್ಲ. ಉಳಿದುದನ್ನು ಉಳಿಸಿಕೊಳ್ಳಬಹುದು, ಅಷ್ಟೆ.

ಮರುದಿನ ಹುಮನಾಬಾದ್ ರಸ್ತೆಯ ಬಸ್ಸು ಹತ್ತಿ ಕಮಲಾಪುರದಲ್ಲಿಳಿದು ಅಣ್ಣನ ಮನೆಗೆ ಹೋದೆ. ಕತ್ತಿಯನ್ನು ಅವನ ಮುಂದಿಟ್ಟು, 'ಇದು ನಿಂದು ಅಣ್ಣಾ. ಅವತ್ತೇ ನಿಂದಾಗಿತ್ತು. ನಾನು ಕೇಳಬಾರದಿತ್ತು' ಎಂದೆ. ಅವನು ಬಹಳ ಹೊತ್ತು ಅದನ್ನು ತೆರೆದು ಮುಚ್ಚಿ ಮಾಡಿದ. ಅವನ ಎಡಗೈ ತಾನಾಗಿ ಮೇಲೆದ್ದು, ಗಾಳಿಯಲ್ಲಿ ಕಾಣದ ಕೆನ್ನೆಯೊಂದನ್ನು ಎತ್ತಿ ಹಿಡಿಯಿತು.

'ಗಡ್ಡ ತೆಗೀತದೇನು?' ಎಂದು ಕೇಳಿದ.

'ಇಲ್ಲ. ತುದಿ ಹೋಗ್ಯಾದ.'

'ಇರ್ಲಿ ಬಿಡು' ಎಂದು ಅದನ್ನು ಕನ್ನಡಿಯ ಮುಂದಿನ ಹಲಗೆಯ ಮೇಲೆ, ಗಾಳಿಗೆ ತೆರೆದೇ ಇಟ್ಟ. ಊಟಕ್ಕೆ ಕೂತಾಗ ಅಪ್ಪನ ವಿಷಯ ಬಂತು. ಅಷ್ಟು ವರ್ಷಗಳಲ್ಲಿ ನಾವಿಬ್ಬರೇ ಕೂತು ಅಪ್ಪನ ಬಗ್ಗೆ ಮಾತನಾಡಿದ್ದು ಅದೇ ಮೊದಲು.

ಪ್ರಿಯ ಓದುಗರೇ, ನೆನಪುಗಳನ್ನು ಕಾಪಾಡುವುದು ಒಳ್ಳೆಯದೇ. ಆದರೆ ಕಾಪಾಡುತ್ತಿದ್ದೇವೆಂದು ಮುಚ್ಚಿಟ್ಟುದು ಒಳಗೊಳಗೇ ಹುಳಿಯಾಗುತ್ತಿರಬಹುದು. ನಿಮ್ಮ ಪೆಟ್ಟಿಗೆಯನ್ನೂ ಒಮ್ಮೆ ತೆರೆದು ನೋಡಿ. ಅದರಲ್ಲಿರುವುದು ನಿಜಕ್ಕೂ ನಿಮ್ಮದೇ? ಅಥವಾ ಒಡಹುಟ್ಟಿದವರಾರಾದರೂ ಕೇಳಲಾರದೆ ಮೌನವಾಗಿ ಕಾಯುತ್ತಿರುವುದೇ? ತುಕ್ಕು ಬಾಯಿಯವರೆಗೆ ಇಳಿಯುವ ಮುನ್ನವೇ ಕೊಟ್ಟುಬಿಡಿ.