ಮುಳ್ಳು ತಿರುಗಿಸೋದು ರಿಪೇರಿ ಅಲ್ಲ

ವಿಜಯನಗರದಲ್ಲಿ ಅಪ್ಪನದೊಂದು ಗಡಿಯಾರ ರಿಪೇರಿ ಅಂಗಡಿಯಿತ್ತು. ಅಂಗಡಿ ಅಂದರೆ ಒಂದು ಗಾಜಿನ ಪೆಟ್ಟಿಗೆ, ಒಂದು ಸ್ಟೂಲು, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಮಸೂರ, ಅಷ್ಟೇ. ಬರುತ್ತಿದ್ದವು ಹೆಚ್ಚಾಗಿ ಎಚ್‌ಎಂಟಿ ವಾಚುಗಳು, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆಗೂಡಿ ನಮ್ಮ ಜಾಲಹಳ್ಳಿಯಲ್ಲೇ ಶುರುವಾದ ಕಾರ್ಖಾನೆಯವು. ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ ಅಪ್ಪ ರೇಡಿಯೋ ಹಾಕುತ್ತಿದ್ದರು. ವಾರ್ತೆಗೆ ಮುಂಚಿನ ಪೀಂ ಪೀಂ ಸದ್ದಿಗೆ ಗೋಡೆ ಗಡಿಯಾರ ಸರಿಮಾಡಿ, ಅದನ್ನು ನೋಡಿ ಮಿಕ್ಕವನ್ನೆಲ್ಲ ಸರಿಮಾಡುತ್ತಿದ್ದರು.

ನಾನು ಪಿಎಚ್‌ಡಿಯಲ್ಲಿ ಮಾಡುತ್ತಿರುವುದೂ ಹೆಚ್ಚುಕಡಿಮೆ ಅದನ್ನೇ. ನೆಟ್‌ವರ್ಕಿನ ಒಂದು ತುದಿಯಲ್ಲಿರುವ ಸಮಯವನ್ನು ಇನ್ನೊಂದು ತುದಿಗೆ ಕೆಡದಂತೆ ಮುಟ್ಟಿಸುವುದು ಹೇಗೆ ಎಂಬುದು ನನ್ನ ವಿಷಯ. ನಿಮ್ಮ ಕೈಯಲ್ಲಿರುವ 5ಜಿ ಫೋನು ನೆಟ್ಟಗೆ ಕೆಲಸ ಮಾಡಬೇಕಾದರೆ ಟವರುಗಳ ಗಡಿಯಾರಗಳು ಮೂಲ ಸಮಯದಿಂದ ಒಂದೂವರೆ ಮೈಕ್ರೊಸೆಕೆಂಡಿಗಿಂತ ಆಚೀಚೆ ಆಗುವಂತಿಲ್ಲ. ಮೈಕ್ರೊಸೆಕೆಂಡ್ ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು.

ಕಳೆದ ವರ್ಷ ಕೆಂಗೇರಿ ಕಡೆಯ ಒಂದು ಲ್ಯಾಬಿನಲ್ಲಿ ನನಗೊಂದು ರೌಟರ್ ಕೊಟ್ಟರು. ದಿನಾ ನೇರಳೆ ಮೆಟ್ರೋ ಹತ್ತಿ ಹೋಗುತ್ತಿದ್ದೆ. ಮಾಡಬೇಕಿದ್ದದ್ದು ಮೂರು ಬಗೆಯ ಕೇಬಲ್ ಸಿಕ್ಕಿಸುವುದು. ಕನ್ಸೋಲ್ ಕೇಬಲ್ ಲ್ಯಾಪ್‌ಟಾಪಿನಿಂದ ನೇರ ರೌಟರಿಗೆ ಹೋಗುತ್ತದೆ. ವೇಗ ಸಾಮಾನ್ಯವಾಗಿ 9600, ಈ ಕಾಲಕ್ಕೆ ಆಮೆ ನಡಿಗೆ. ಆದರೆ ಐಪಿ ವಿಳಾಸವೇ ಇಲ್ಲದ ಹೊಸ ಯಂತ್ರದ ಜೊತೆ ಮಾತಾಡಲು ಬೇರೆ ದಾರಿಯಿಲ್ಲ. ಅದರಲ್ಲಿ ವಿಳಾಸ ಕೊಟ್ಟ ಮೇಲೆ ಮ್ಯಾನೇಜ್‌ಮೆಂಟ್ ಕೇಬಲ್. ಅದು ಸಿಕ್ಕಿತೆಂದರೆ ಮನೆಯಲ್ಲಿ ಕೂತೇ ಒಳಹೋಗಬಹುದು. ಎರಡರ ಸಾಕೆಟ್ಟೂ ನೋಡಲು ಒಂದೇ ಥರ. ಮೊದಲ ದಿನ ಅದಲುಬದಲು ಮಾಡಿ, ಕಪ್ಪು ಪರದೆ ನೋಡುತ್ತಾ ಮಧ್ಯಾಹ್ನ ಪೂರ್ತಿ ಕಳೆದೆ.

ಕೊನೆಗೆ ಟೈಮಿಂಗ್ ಕೇಬಲ್ಲುಗಳು. ತಾರಸಿಯ ಮೇಲಿನ ಆಂಟೆನಾ ಉಪಗ್ರಹಗಳ ಸಂಕೇತ ಹಿಡಿದು ರಿಸೀವರಿಗೆ ಕೊಡುತ್ತದೆ. ಅಲ್ಲಿಂದ ಒಂದು ಕೇಬಲ್ ಸೆಕೆಂಡಿಗೊಂದು ಮಿಡಿತ ತರುತ್ತದೆ. ಆ ಮಿಡಿತ 'ಈಗ ಸೆಕೆಂಡು ಶುರುವಾಯಿತು' ಅನ್ನುತ್ತದೆಯೇ ಹೊರತು ಯಾವ ಸೆಕೆಂಡು ಅನ್ನುವುದಿಲ್ಲ. ದಿನ, ಗಂಟೆ, ನಿಮಿಷ ಹೇಳಲು ಇನ್ನೊಂದು ಕೇಬಲ್ ಬೇಕು. ಕೇಬಲ್ಲಿನ ಉದ್ದಕ್ಕೂ ಲೆಕ್ಕವಿದೆ. ಒಂದು ಮೀಟರ್ ದಾಟಲು ಸಂಕೇತಕ್ಕೆ ಸುಮಾರು 5 ನ್ಯಾನೊಸೆಕೆಂಡ್ ಹಿಡಿಯುತ್ತದೆ. ತಾರಸಿಯಿಂದ 30 ಮೀಟರ್ ಎಳೆದರೆ 150. ಅದನ್ನು ಕಳೆಯಲೇಬೇಕು. ಟೇಪು ಹಿಡಿದು ಅಳೆದು ಕಳೆದೆ. ಅಷ್ಟೆಲ್ಲ ಜಾಗ್ರತೆ ಮಾಡಿದವಳು ಮಿಡಿತದ ಕೇಬಲ್ಲಿನ ಸಣ್ಣ ಹಿತ್ತಾಳೆ ತಿರುಪನ್ನು ಬೆರಳಲ್ಲಿ ಎರಡು ಸುತ್ತು ತಿರುಗಿಸಿ ಬಿಟ್ಟುಬಿಟ್ಟೆ. ಸ್ಪ್ಯಾನರ್ ಮೇಜಿನ ಮೇಲೇ ಇತ್ತು.

ಕನ್ಸೋಲ್ ಕೇಬಲ್ ಬಿಚ್ಚಿ ಬ್ಯಾಗಿಗೆ ಹಾಕಿಕೊಂಡೆ. ಮುಂದಿನ ಹನ್ನೊಂದು ದಿನ ರಾತ್ರಿ ಮನೆಯಿಂದಲೇ ಒಳಹೋಗಿ ಅಳತೆಯ ಫೈಲುಗಳನ್ನು ಇಳಿಸಿಕೊಂಡೆ. ಒಳಹೋಗಲು ಆಗುತ್ತಿದೆ, ಹಾಗಾದರೆ ಎಲ್ಲ ಸರಿಯಿದೆ ಅಂದುಕೊಂಡೆ. ಹನ್ನೆರಡನೆಯ ದಿನ ನಕ್ಷೆ ಬಿಡಿಸಿದಾಗ ಗೆರೆ ಮೆಲ್ಲಗೆ ಓರೆಯಾಗಿ ಏರುತ್ತಿತ್ತು. ಲಾಗ್ ತೆರೆದರೆ ಮೂರನೇ ದಿನವೇ ರೌಟರ್ ಬರೆದಿಟ್ಟಿತ್ತು: ಆಧಾರ ಕಳೆದುಹೋಗಿದೆ, ಒಳಗಿನ ಸ್ಫಟಿಕದ ಮೇಲೆ ನಡೆಯುತ್ತಿದ್ದೇನೆ ಎಂದು. ಸ್ಫಟಿಕ ಶತಕೋಟಿಗೆ ಒಂದು ಪಾಲು ತಪ್ಪಿದರೂ ದಿನಕ್ಕೆ 86 ಮೈಕ್ರೊಸೆಕೆಂಡ್ ಸರಿದುಹೋಗುತ್ತದೆ. ನನಗೆ ಬೇಕಿದ್ದದ್ದು ಒಂದರೊಳಗಿನ ಲೆಕ್ಕ.

ಲೇಖನ ಕಳಿಸಲು ಆರು ದಿನವಿತ್ತು. ಫೆಲೋಶಿಪ್ಪಿನ ಕೊನೆಯ ವರ್ಷ. ಓರೆಗೆರೆಯನ್ನು ಕಳೆದುಬಿಟ್ಟರೆ ನಕ್ಷೆ ಮಟ್ಟಸವಾಗುತ್ತಿತ್ತು. ಎರಡು ಸಾಲಿನ ಕೋಡು. ಬರೆದೂ ಬರೆದೆ. ನಕ್ಷೆ ಬಹಳ ಚೆನ್ನಾಗಿ ಬಂತು. ಆದರೆ ಸ್ಫಟಿಕ ನೇರ ಗೆರೆಯಂತೆ ತಪ್ಪುವುದಿಲ್ಲ, ಬಿಸಿಲು ಏರಿದಂತೆ, ಏಸಿ ನಿಂತಂತೆ ಬೇರೆ ಬೇರೆ ಥರ ತಪ್ಪುತ್ತದೆ. ನಾನು ಕಳೆದದ್ದು ತಪ್ಪನ್ನೋ, ಅಳೆಯಬೇಕಿದ್ದದ್ದನ್ನೋ ಹೇಳುವವರು ಯಾರೂ ಇರಲಿಲ್ಲ.

ಊಟ ಬಿಟ್ಟು ಕೂತಿದ್ದವಳನ್ನು ನೋಡಿ ಅಪ್ಪ, "ಏನಾಯ್ತು ಮಗಾ?" ಅಂದರು. ತಿರುಪಿನ ಕಥೆ ಹೇಳಿದೆ. ಕೋಡಿನ ಕಥೆಯನ್ನೂ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುಳ್ಳು ತಿರುಗಿಸಿ ಕೊಟ್ಟುಬಿಡಬಹುದು. ಎರಡು ದಿನ ಟೈಮು ಸರಿಯಾಗೇ ತೋರಿಸುತ್ತೆ. ನಾನೂ ಒಂದ್ಸಲ ಹಾಗೆ ಕೊಟ್ಟಿದ್ದೆ. ಅವರು ತಿರುಗಿ ಬರಲಿಲ್ಲ. ಬೈಯೋಕಾದ್ರೂ ಬರಬೇಕಿತ್ತು" ಅಂದರು.

ಅಪ್ಪ ಹಾಗೆ ಮಾಡಿದ್ದರೆಂದು ನನಗೆ ಗೊತ್ತಿರಲಿಲ್ಲ. ಉಪದೇಶ ಮಾಡಿದ್ದರೆ ನಾನು ವಾದ ಮಾಡುತ್ತಿದ್ದೆನೇನೋ.

ಮರುದಿನ ಗೈಡ್ ಮೇಡಂಗೆ ಎಲ್ಲ ಹೇಳಿದೆ. ಅವರು ಬೈದರು, ಸರಿಯಾಗಿಯೇ ಬೈದರು. ಲೇಖನ ಆ ಸಲಕ್ಕೆ ಹೋಗಲಿಲ್ಲ. ಮೂರು ತಿಂಗಳು ಹಿಂದೆ ಬಿದ್ದೆ, ಆ ಮೂರು ತಿಂಗಳ ಖರ್ಚು ಮನೆಯ ಮೇಲೇ ಬಿತ್ತು.

ಕೆಂಗೇರಿ ದಾಟಿ ಒಳಗೆ ಹೋದರೆ ಬ್ಯಾಲಾಳು. ಚಂದ್ರಯಾನ-1ಕ್ಕಾಗಿ 2008ರಲ್ಲಿ ಕಟ್ಟಿದ 32 ಮೀಟರಿನ ಆಂಟೆನಾ ಅಲ್ಲಿದೆ. 2013ರಲ್ಲಿ ಶುರುವಾದ ಇಸ್ರೋ ನ್ಯಾವಿಗೇಷನ್ ಸೆಂಟರಿನಲ್ಲಿ ನಾವಿಕ್ ಉಪಗ್ರಹಗಳ ಸಮಯವನ್ನು ಕಾಯುವ ಪರಮಾಣು ಗಡಿಯಾರಗಳಿವೆ. ಆ ಉಪಗ್ರಹಗಳಲ್ಲಿ ಮೊದಲನೆಯದರ ಮೂರು ರುಬಿಡಿಯಂ ಗಡಿಯಾರಗಳೂ ಆಕಾಶದಲ್ಲೇ ಕೆಟ್ಟವು. ಕೆಟ್ಟಿವೆ ಎಂದು ಒಪ್ಪಿಕೊಂಡು ಬದಲಿ ಉಪಗ್ರಹ ಕಳಿಸಬೇಕಾಯಿತು. ಅಷ್ಟು ದೊಡ್ಡವರಿಗೇ ಹಾಗಾದರೆ ಅಂತ ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. ಅವರದು ಆಕಾಶದಲ್ಲಿತ್ತು, ನನ್ನದು ಕೈಗೆಟುಕುವಲ್ಲಿತ್ತು.

ಈಗ ಸ್ಪ್ಯಾನರಿನಲ್ಲಿ ಬಿಗಿ ಮಾಡುತ್ತೇನೆ. ಕನ್ಸೋಲ್ ಕೇಬಲ್ ಬಿಚ್ಚುವುದಿಲ್ಲ. ಅದರ ತುದಿಯಲ್ಲೊಂದು ಹಳೆಯ ಲ್ಯಾಪ್‌ಟಾಪ್ ಇಟ್ಟಿದ್ದೇನೆ. ಬೆಳಿಗ್ಗೆ ಲ್ಯಾಬಿಗೆ ಬಂದ ಮೇಲೆ ಮೊದಲು ಓದುವುದು ಅದರ ಪರದೆಯನ್ನೇ.