ತುದಿಗೂದಲಿನ ವಯಸ್ಸು

ನಮ್ಮ ಮನೆಯ ಕತ್ತರಿಗೆ ದುಡಿಮೆಗಿಂತ ರಜೆಯೇ ಜಾಸ್ತಿ. ಮಂಗಳವಾರ ಬೇಡ, ಶುಕ್ರವಾರ ಕೂಡದು, ಅಮಾವಾಸ್ಯೆಯ ದಿನ ಮಾತೇ ಎತ್ತುವ ಹಾಗಿಲ್ಲ, ಹುಟ್ಟಿದ ವಾರವೂ ಆಗದು. ದೀಪ ಹಚ್ಚಿದ ಮೇಲಂತೂ ಉಗುರನ್ನೂ ತೆಗೆಯಬಾರದು. ಇದಿಷ್ಟೂ ಗಂಡುಹುಡುಗರ ಪಂಚಾಂಗ. ನಮಗೆ ಪಂಚಾಂಗದ ಗೊಡವೆಯೇ ಇರಲಿಲ್ಲ, ಏಳು ದಿನವೂ ನಿಷೇಧ. "ಹೆಣ್ಣಿನ ತಲೆಗೆ ಕತ್ತರಿ ತಾಗಬಾರದು ಕಣೇ" ಎಂದು ಅಜ್ಜಿ ಹೇಳಿದರೆ ಮುಗಿಯಿತು, ಅದರ ಮೇಲೆ ಅಪೀಲಿಲ್ಲ.

ಆ ಮಾತಿನ ಬುಡ ಎಲ್ಲಿದೆ ಎಂದು ಕಂಡದ್ದು ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಓದಿದಾಗ. 1976ರ ಕಾದಂಬರಿ, 1983ರಲ್ಲಿ ಪ್ರೇಮಾ ಕಾರಂತರು ಸಿನಿಮಾ ಮಾಡಿದರು. ಬಾಲ್ಯದಲ್ಲೇ ವಿಧವೆಯಾಗಿ, ತಲೆ ಬೋಳಿಸಿಕೊಂಡು ಮಡಿ ಹೆಂಗಸಾಗಿ ಬಾಳು ಸವೆಸಿದವಳ ಕಥೆ. ಅಜ್ಜಿ ಬೆಳೆದಂಥ ಮನೆಗಳಲ್ಲಿ ಹೆಂಗಸಿನ ತಲೆಯ ಹತ್ತಿರ ಕ್ಷೌರದ ಕತ್ತಿ ಬರುತ್ತಿದ್ದದ್ದು ಆ ಒಂದೇ ಕಾರಣಕ್ಕೆ. ಅಜ್ಜಿಯ ಸೋದರತ್ತೆಯೊಬ್ಬರು ಒಲೆ ಊದುವಾಗಲೂ ಒಂದು ಕೈಯಲ್ಲಿ ತಲೆಯ ಮೇಲಿನ ಸೆರಗು ಹಿಡಿದೇ ಇರುತ್ತಿದ್ದರಂತೆ. ಅದನ್ನು ನೋಡಿ ಬೆಳೆದವರಿಗೆ ಮೊಮ್ಮಗಳ ಜಡೆ ಉದ್ದವಾದಷ್ಟೂ ಧೈರ್ಯ.

ಕತ್ತರಿ ಇಲ್ಲದ ಮೇಲೆ ಆರೈಕೆಯೆಲ್ಲ ಎಣ್ಣೆಯ ಪಾಲಿಗೆ. ಶುಕ್ರವಾರ ಬಂತೆಂದರೆ ಬೆಚ್ಚಗೆ ಮಾಡಿದ ಹರಳೆಣ್ಣೆಯನ್ನು ನೆತ್ತಿಗೆ ಪಟಪಟ ತಟ್ಟುವುದು, ಹಂಡೆಯ ಬಿಸಿನೀರು, ಮತ್ತಿಸೊಪ್ಪಿನ ಲೋಳೆ, ಕಣ್ಣಿಗೆ ಬಿದ್ದರೆ ಬೊಬ್ಬೆ ಹೊಡೆಸುವ ಸೀಗೆಪುಡಿ. ಆಮೇಲೆ ಕೆಂಡಕ್ಕೆ ಸಾಂಬ್ರಾಣಿ ಉದುರಿಸಿ, ಮೇಲೆ ಬಿದಿರುಬುಟ್ಟಿ ಬೋರಲು ಹಾಕಿ, ಅದರ ಮೇಲೆ ಕೂದಲು ಹರವುವುದು. ಶಾಲೆಯಲ್ಲಿ ಪಕ್ಕದವಳಿಗೂ ಆ ಹೊಗೆಯ ವಾಸನೆ.

ಎಣ್ಣೆಯ ಪ್ರತಾಪ ಅಜ್ಜಿ ಹೇಳಿದಷ್ಟಿಲ್ಲ, ಹಾಗಂತ ಸುಳ್ಳೂ ಅಲ್ಲ. 2003ರಲ್ಲಿ ಮುಂಬಯಿಯ ಇಬ್ಬರು ಸಂಶೋಧಕರು ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಮೂರನ್ನೂ ಹಚ್ಚಿ ನೋಡಿದರು. ಕೂದಲಿನ ಒಳಕ್ಕೆ ಇಳಿದು, ತೊಳೆಯುವಾಗ ಪ್ರೋಟೀನು ಸೋರುವುದನ್ನು ತಡೆದದ್ದು ತೆಂಗಿನೆಣ್ಣೆಯೊಂದೇ. (ಅವರು ತೆಂಗಿನೆಣ್ಣೆ ಮಾರುವ ಕಂಪನಿಯವರು ಎಂಬುದನ್ನೂ ಹೇಳಿಬಿಡಬೇಕು.) ಒದ್ದೆ ಕೂದಲು ನೀರು ಕುಡಿದು ಉಬ್ಬಿ, ಎಳೆದರೆ ಹಿಗ್ಗಿ, ಬೇಗ ತುಂಡಾಗುತ್ತದೆ. ಬೇಲೂರಿನ ಮದನಿಕೆಯರಲ್ಲಿ ಒಬ್ಬಳು ಮಿಂದು ಬಂದು ಕೂದಲು ಹಿಂಡುತ್ತ ನಿಂತಿದ್ದಾಳೆ. ಹಾಗೆ ಹಿಂಡಬೇಡಮ್ಮಾ, ಮೆತ್ತಗಿನ ಹಳೆ ಪಂಚೆಯಲ್ಲಿ ಒತ್ತಿಕೋ ಎಂದು ಹೇಳೋಣವೆಂದರೆ ಒಂಬೈನೂರು ವರ್ಷ ತಡವಾಗಿದೆ.

ಮೊಗ್ಗಿನ ಜಡೆಯ ಫೋಟೋ ನಮ್ಮ ಕಾಲದ ಎಲ್ಲ ಹುಡುಗಿಯರ ಮನೆಯಲ್ಲೂ ಇದೆ. ಸ್ಟುಡಿಯೋದವರು ಬೆನ್ನ ಹಿಂದೆ ನಿಲುವುಗನ್ನಡಿ ಇಟ್ಟು, ಮುಖ ಇತ್ತ, ಜಡೆ ಅತ್ತ, ಎರಡೂ ಬೀಳುವ ಹಾಗೆ ತೆಗೆಯುತ್ತಿದ್ದರು. ನನ್ನ ಫೋಟೋದಲ್ಲಿ ಕನ್ನಡಿಯೊಳಗಿನ ಜಡೆ ಮೊಣಕಾಲು ಮುಟ್ಟುತ್ತದೆ. ಅರ್ಧಕ್ಕರ್ಧ ಅಮ್ಮನ ಚೌರಿ.

ಕೆಲಸಕ್ಕೆ ಸೇರಿ, ಬಸ್ಸು ಹಿಡಿದು ಓಡುವ ವರ್ಷಗಳಲ್ಲಿ ಕೂದಲನ್ನು ಭುಜಕ್ಕೆ ನಿಲ್ಲಿಸಿಕೊಂಡಿದ್ದೆ. ಮತ್ತೆ ಬೆಳೆದದ್ದು ಲಾಕ್‌ಡೌನಿನಲ್ಲಿ ಪಾರ್ಲರುಗಳು ಬಾಗಿಲು ಹಾಕಿದ್ದರಿಂದ. ಬೆಳೆದದ್ದನ್ನು ಇರಲಿ ಎಂದು ಬಿಟ್ಟ ಮೇಲೆ ಅದರ ಲೆಕ್ಕ ಹತ್ತಿತು. ಕೂದಲು ತಿಂಗಳಿಗೆ ಒಂದು, ಒಂದೂಕಾಲು ಸೆಂಟಿಮೀಟರು ಬೆಳೆಯುತ್ತದೆ. ಅಂದರೆ ನೆತ್ತಿಯ ಹತ್ತಿರದ್ದು ಹೋದ ವಾರದ ಕೂಸು, ಸೊಂಟದ ಹತ್ತಿರದ್ದು ಐದಾರು ವರ್ಷದ ಮುದುಕಿ. ಅಷ್ಟು ವರ್ಷದ ಬಿಸಿಲು, ಬಾಚಣಿಗೆ, ಹೆಲ್ಮೆಟ್ಟು, ಬೋರ್‌ವೆಲ್ಲಿನ ಗಡಸು ನೀರು ಎಲ್ಲವನ್ನೂ ಉಂಡದ್ದು ತುದಿ. ನಾವು ಎಣ್ಣೆ ಸುರಿಯುವುದು ಮಾತ್ರ ನೆತ್ತಿಗೆ.

ಆ ತುದಿ ಸವೆದು ಎರಡಾಗಿ ಸೀಳುತ್ತದೆ, ಸೀಳು ಮೇಲಕ್ಕೆ ಏರುತ್ತದೆ, ಒಂದು ದಿನ ತುಂಡಾಗುತ್ತದೆ. ಕತ್ತರಿಸಿದರೆ ಕೂದಲು ಜೋರಾಗಿ ಬೆಳೆಯುತ್ತದೆ ಎಂದು ಪಾರ್ಲರಿನ ಹುಡುಗಿ ಅನ್ನುತ್ತಾಳೆ, ಅದು ಸುಳ್ಳು. ಕೂದಲು ಬೆಳೆಯುವುದು ಬುಡದಲ್ಲಿ, ತುದಿಯಲ್ಲಿ ಏನಾಯಿತೆಂದು ಬುಡಕ್ಕೆ ಗೊತ್ತಾಗುವ ದಾರಿಯೇ ಇಲ್ಲ. ಆದರೆ ಮೂರು ತಿಂಗಳಿಗೆ ಬೆಳೆಯುವ ಒಂದೂವರೆ ಇಂಚಿನಲ್ಲಿ ಅರ್ಧ ಇಂಚು ತೆಗೆದರೆ ಒಂದು ಇಂಚು ಗಟ್ಟಿಯಾಗಿ ಉಳಿಯುತ್ತದೆ. ತೆಗೆಯದಿದ್ದರೆ ಅದು ತಾನಾಗಿ ಮುರಿದು, ತುದಿ ಇಲಿ ಕಡಿದ ಹಾಗೆ ಕಾಣುತ್ತದೆ. ಇಷ್ಟೇ ವಿಷಯ.

ಪಾರ್ಲರಿನಲ್ಲಿ ಅರ್ಧ ಇಂಚು ಎಂದರೆ ಎರಡು ಇಂಚು ಎಂದೇ ಅರ್ಥವಾದ್ದರಿಂದ ನಾನು ಮನೆಯಲ್ಲೇ ಮಾಡಿಕೊಳ್ಳುತ್ತೇನೆ. ಒಣ ಕೂದಲನ್ನು ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಿ, ಬೈತಲೆ ತೆಗೆದು ಎರಡು ಪಾಲು ಮಾಡಿ ಮುಂದಕ್ಕೆ ಎಳೆದುಕೊಳ್ಳುವುದು. ಸಣ್ಣ ಎಳೆ ಹಿಡಿದು ಹುರಿ ಹಾಕಿದರೆ ಸೀಳಿದ ಕೂದಲು ತಾನಾಗಿ ಹೊರಗೆ ಇಣುಕುತ್ತದೆ, ತುದಿಯಲ್ಲಿ ಬಿಳಿ ಚುಕ್ಕೆಯೂ ಕಾಣುತ್ತದೆ. ಆ ಚುಕ್ಕೆಗಿಂತ ಕೊಂಚ ಮೇಲೆ ಕತ್ತರಿ. ಇದಕ್ಕೆ ಬೇರೆಯೇ ಕತ್ತರಿ ಬೇಕು. ಹಾಲಿನ ಪ್ಯಾಕೆಟ್ಟು ಕತ್ತರಿಸುವ ಮೊಂಡು ಕತ್ತರಿ ಕೂದಲನ್ನು ಜಜ್ಜಿ, ಹೊಸ ಸೀಳಿಗೆ ದಾರಿ ಮಾಡುತ್ತದೆ. ಮಂಗಳವಾರ, ಶುಕ್ರವಾರ ಮಾತ್ರ ಈಗಲೂ ಮುಟ್ಟುವುದಿಲ್ಲ. ಯಾಕೆ ಎಂದು ಮಗಳು ಕೇಳಿದರೆ ಉತ್ತರವಿಲ್ಲ.

ಬಾಚಿದಾಗ ಉದುರಿದ್ದನ್ನು ಉಂಡೆ ಮಾಡಿ ಕವರಿನಲ್ಲಿ ಇಡುತ್ತೇನೆ. ದಿನಕ್ಕೆ ಐವತ್ತರಿಂದ ನೂರು ಕೂದಲು ಉದುರುವುದು ಸಹಜ, ಗಾಬರಿಯಾಗಬೇಕಿಲ್ಲ. ಕೂದಲಿಗೆ ಪಿನ್ನು, ಪಾತ್ರೆ ಕೊಡುವವನು ಆಗಾಗ ಬೀದಿಗೆ ಬರುತ್ತಾನೆ. ಇಂಥ ಉಂಡೆಗಳನ್ನು ಬಿಡಿಸಿ, ಉದ್ದದ ಪ್ರಕಾರ ಜೋಡಿಸಿ ಕಟ್ಟು ಕಟ್ಟುವ ಕೆಲಸದಿಂದಲೇ ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಎಷ್ಟೋ ಹೆಂಗಸರಿಗೆ ಕೂಲಿ ಸಿಗುತ್ತದೆ. ಅದು ವಿಗ್ ಆಗಿ ಹೊರದೇಶಕ್ಕೂ ಹೋಗುತ್ತದೆ. ಹೋದ ಸಲ ಕತ್ತರಿಸಿದ ಚೂರುಗಳನ್ನೂ ಕವರಿಗೆ ಸೇರಿಸಿದ್ದೆ. ಅವನು ಕೈಹಾಕಿ ನೋಡಿ, ಚೂರನ್ನೆಲ್ಲ ಬೇರೆ ಮಾಡಿ ವಾಪಸ್ಸು ಕೊಟ್ಟ.

"ಇದು ನಡಿಯಲ್ಲಕ್ಕ, ಉದ್ದ ಇರೋದೇ ಬೇಕು" ಎಂದವನು, ಒಂದು ಹಾಳೆ ಪಿನ್ನು ಕೊಟ್ಟು, ನನ್ನ ಜಡೆಯನ್ನು ಒಮ್ಮೆ ಮೇಲಿಂದ ಕೆಳಗೆ ಅಳೆದು ನೋಡಿದ. "ಇನ್ನೆರಡು ವರ್ಷ ಹಿಂಗೇ ಬಿಡಿ. ಆಮೇಲೆ ಕೊಡಂಗಿದ್ರೆ ಹೇಳಿ, ಕುಕ್ಕರ್ ತರ್ತೀನಿ."

ಎಷ್ಟು ಲೀಟರಿನದು ಎಂದು ಕೇಳಿಟ್ಟುಕೊಂಡಿದ್ದೇನೆ.